ಮರಿ ಹಾಕುವುದು, ಕಂದ ಹಾಕುವುದು

ಬಕ್ರೀದಿಗೆ ಹತ್ತು ದಿನವಿರುವಾಗ ಯಾರಾದರೊಬ್ಬ ಗೆಳೆಯರು ನನ್ನನ್ನು ದಮ್ಮಾಮಿನ ಕುರಿಸಂತೆಗೆ ಕರೆದುಕೊಂಡು ಹೋಗುವುದು ರೂಢಿ. ಕುರಿಯ ವಿಷಯದಲ್ಲಿ ನನಗೇನೂ ಪರಿಣತಿಯಿಲ್ಲ. ಇಪ್ಪತ್ತು ವರ್ಷಕ್ಕೂ ಮೇಲ್ಪಟ್ಟು ಇಲ್ಲಿ ಲೆಕ್ಕಪತ್ರದ ಕೆಲಸ ಮಾಡಿದ್ದರಿಂದ ಅರಬಿ ಮಾತನಾಡಲು ಬರುತ್ತದೆ. ಚೌಕಾಸಿಗೆ ಉಪಯೋಗಕ್ಕೆ ಬರುತ್ತೇನೆ, ಅಷ್ಟೆ.

ಸಂತೆಯಲ್ಲಿ ನಾವು ‘ಒಂದು ಕುರಿ ಬೇಕು’ ಎಂದರೆ ವ್ಯಾಪಾರಿ ನಗುತ್ತಾನೆ. ಯಾವ ಕುರಿ? ಕಪ್ಪು ಮೈ, ಬಿಳಿ ಮುಖದ ಎತ್ತರದ ನಜ್ದಿಯೋ, ಕಂದು ತಲೆಯ ನಈಮಿಯೋ, ಬಿಳಿಯ ಹರ್ರಿಯೋ, ಸುಡಾನಿನಿಂದ ಹಡಗಿನಲ್ಲಿ ಬಂದ ಸವಾಕ್ನಿಯೋ? ಗಂಡೋ ಹೆಣ್ಣೋ? ಹಲ್ಲೆಷ್ಟು ಬಿದ್ದಿರಬೇಕು? ಅರಬಿಯಲ್ಲಿ ‘ಗನಮ್’ ಎಂದರೆ ಕುರಿಯೂ ಹೌದು, ಆಡೂ ಹೌದು. ಬಿಡಿಸಿ ಹೇಳಬೇಕಾದಾಗ ಕುರಿ ‘ದಅನ್’, ಆಡು ‘ಮಾಇಝ್’. ಹೆಣ್ಣು ಕುರಿ ‘ನಅಜಾ’, ಟಗರು ‘ಕಬ್ಶ್’, ಹೋತ ‘ತೈಸ್’, ಆಡಿನ ಮರಿ ‘ಜದಿ’. ಕೊಳ್ಳುವವನಿಗೂ ಈ ವಿಂಗಡಣೆ ಅಗತ್ಯವೇ. ಬಲಿ ಸಲ್ಲಬೇಕಾದರೆ ಸಾಮಾನ್ಯವಾಗಿ ಕುರಿಗೆ ಆರು ತಿಂಗಳು, ಆಡಿಗೆ ಒಂದು ವರ್ಷ, ದನಕ್ಕೆ ಎರಡು, ಒಂಟೆಗೆ ಐದು ವರ್ಷ ತುಂಬಿರಬೇಕು ಎಂಬ ನಿಯಮವಿದೆ. ಆಡನ್ನು ಕುರಿ ಎಂದು ಮಾರಿದರೆ ದುಡ್ಡಿನ ಮೋಸದ ಜೊತೆಗೆ ಹರಕೆಯ ಮೋಸವೂ ಆಗುತ್ತದೆ.

ಹಬ್ಬದ ಹೆಸರೇ ಒಂದು ತಮಾಷೆ. ಬಕ್ರೀದ್ ಎಂದರೆ ಇಲ್ಲಿನವರಿಗೆ ತಿಳಿಯದು. ಅವರಿಗೆ ಅದು ಈದುಲ್ ಅದ್‌ಹಾ. ಉರ್ದುವಿನಲ್ಲಿ ‘ಬಕ್ರಾ’ ಎಂದರೆ ಹೋತ. ಅರಬಿಯಲ್ಲಿ ಹೆಚ್ಚುಕಡಿಮೆ ಅದೇ ಉಚ್ಚಾರದ ‘ಬಕ್ರಾ’ ಎಂದರೆ ಹರೆಯದ ಹೆಣ್ಣು ಒಂಟೆ. ಗಂಟಲಿನ ಆಳದಿಂದ ‘ಕ’ ಹೊರಡಿಸಿ ‘ಬಕರಾ’ ಎಂದರೆ ಹಸು. ಹೊಸದಾಗಿ ಬಂದವನು ಒಂದು ಅಕ್ಷರವನ್ನು ಗಂಟಲಲ್ಲಿ ಆಚೀಚೆ ಮಾಡಿದರೆ ಸಾಕು, ಆಡು ಹಸುವಾಗುತ್ತದೆ, ಹಸು ಒಂಟೆಯಾಗುತ್ತದೆ. ಇದನ್ನು ಹೇಳಿ ನಾವು ಎಷ್ಟೋ ಸಲ ನಕ್ಕಿದ್ದೇವೆ. ಪ್ರಾಣಿಗಳಿಗೆ ಸರಿಯಾದ ಹೆಸರು ಯಾವುದು ಎಂಬ ಪ್ರಶ್ನೆ ನನಗೆ ಬಹಳ ಕಾಲ ಹೀಗೆ ನಗುವ ವಿಷಯವೇ ಆಗಿತ್ತು.

ಕೆಲವು ವರ್ಷಗಳ ಹಿಂದೆ, ಒಂದು ಚಳಿಗಾಲದಲ್ಲಿ, ನನ್ನ ಫೋನಿಗೆ ಪರಿಚಯವಿಲ್ಲದ ನಂಬರಿನಿಂದ ಕರೆ ಬಂತು. ಕೊಪ್ಪಳದ ಕಡೆಯ ಹುಡುಗ. ತೋಟದ ಕೆಲಸ ಎಂದು ಏಜೆಂಟ್ ಹೇಳಿ ಕಳಿಸಿದ್ದ. ಬಂದ ಮೇಲೆ ಹಫರ್ ಅಲ್ ಬಾತಿನ್ ಆಚೆಯ ಬಯಲಿನಲ್ಲಿ ಇನ್ನೂರು ಚಿಲ್ಲರೆ ಕುರಿಗಳ ಜೊತೆ ಬಿಟ್ಟಿದ್ದರು. ಅದಕ್ಕೆ ಅವನ ತಕರಾರಿರಲಿಲ್ಲ. ಮನೆತನದ ಕಸುಬೇ ಕುರಿ. ಆದರೆ ಅವನಿಗೆ ಅರಬಿ ಬಾರದು, ಮಾಲೀಕನಿಗೆ ಕನ್ನಡ ಬಾರದು. ಯಾರೋ ಕನ್ನಡದವರು ನನ್ನ ನಂಬರ್ ಕೊಟ್ಟಿದ್ದರು. ಅಂದಿನಿಂದ ವಾರಕ್ಕೊಮ್ಮೆ ಅವನು ನನಗೆ ಹೇಳುವುದು, ನಾನು ಮಾಲೀಕನಿಗೆ ಫೋನಿನಲ್ಲಿ ಮುಟ್ಟಿಸುವುದು ನಡೆಯಿತು. ಮೇವು ಮುಗಿದಿದೆ, ನೀರಿನ ಟ್ಯಾಂಕರ್ ಬಂದಿಲ್ಲ, ಒಂದು ಟಗರು ಕುಂಟುತ್ತಿದೆ. ಉಪಕಾರ ಮಾಡುತ್ತಿದ್ದೇನೆ ಎಂಬ ಸಮಾಧಾನ ನನಗೂ ಇತ್ತು.

ಒಂದು ದಿನ ಅವನೆಂದ: “ಅಣ್ಣಾರ, ನಾಕ್ ಕುರಿ ಕಂದ ಹಾಕ್ಯಾವ್ರಿ. ಮಾಲಕಗ ಲಗೂನ ಹೇಳ್ರಿ.”

ನಾನು ಕಚೇರಿಯಲ್ಲಿದ್ದೆ. ತಿಂಗಳ ಕೊನೆ. ಕುರಿ ಮರಿ ಹಾಕುವುದು ಗೊತ್ತು, ಹಸು ಕರು ಹಾಕುವುದು ಗೊತ್ತು. ಕಂದ ಎಂದರೆ ಮಗು. ಉತ್ತರ ಕರ್ನಾಟಕದಲ್ಲಿ ಮರಿಗೆ ಪ್ರೀತಿಯಿಂದ ಹಾಗನ್ನುತ್ತಾರೇನೋ ಎಂದುಕೊಂಡೆ. ಅವನ ದನಿಯಲ್ಲಿ ಸಂತೋಷವಿರಲಿಲ್ಲ ಎಂಬುದು ಆಗಲೇ ಕಿವಿಗೆ ಬಿದ್ದಿತ್ತು ಎಂದು ಈಗ ಅನ್ನಿಸುತ್ತದೆ. ‘ಹಾಗಂದ್ರೆ ಏನಪ್ಪಾ?’ ಎಂದು ಕೇಳಲು ಅರ್ಧ ನಿಮಿಷ ಸಾಕಿತ್ತು. ಕೇಳಲಿಲ್ಲ. ಕನ್ನಡ ನನ್ನ ಭಾಷೆ. ಕನ್ನಡದ ಒಂದು ಮಾತಿಗೆ ಅರ್ಥ ಕೇಳುವುದು ಹೇಗೆ? ಮಾಲೀಕನಿಗೆ ಫೋನ್ ಮಾಡಿ ‘ವಲದತ್’ ಎಂದೆ. ನಾಲ್ಕು ಕುರಿ ಈದಿವೆ, ಮಬ್ರೂಕ್.

ಹತ್ತು ದಿನ ಬಿಟ್ಟು ಮಾಲೀಕ ಬಯಲಿಗೆ ಹೋಗಿ ಎಣಿಸಿದ. ನಾಲ್ಕು ಮರಿ ಇಲ್ಲ. ಹುಡುಗ ಮರಿಗಳನ್ನು ದಾರಿಹೋಕರಿಗೆ ಮಾರಿದ್ದಾನೆ, ಇಲ್ಲವೇ ಕೊಯ್ದು ತಿಂದಿದ್ದಾನೆ ಎಂದು ತೀರ್ಮಾನವಾಯಿತು. ಸಂಬಳದಲ್ಲಿ ನಾಲ್ಕು ಮರಿಗಳ ಬೆಲೆ ಮುರಿದುಕೊಂಡ. ಹುಡುಗ ನನಗೆ ಫೋನ್ ಮಾಡಿ ಕೇಳಿದ್ದು ಒಂದೇ ಪ್ರಶ್ನೆ: “ಅವತ್ತ ಅವಗ ಏನ್ ಹೇಳಿದ್ರಿ ಅಣ್ಣಾರ?”

ಅಂದು ರಾತ್ರಿ ಊರಿಗೆ ಫೋನ್ ಮಾಡಿ ಅಮ್ಮನನ್ನು ಕೇಳಿದೆ. ನಮ್ಮದು ಶಿರಾ ಕಡೆಯ ಹಳ್ಳಿ, ನಾನು ಓದಿ ಬೆಳೆದದ್ದು ತುಮಕೂರಿನಲ್ಲಿ. ಅಮ್ಮ ಅಂದಳು: “ಕಂದಾಕೋದು ಅಂದ್ರೆ ಗೊತ್ತಿಲ್ವೇನೋ ನಿಂಗೆ? ದಿನ ತುಂಬ್ದೆ ಮರಿ ಬಿದ್ದೋಗೋದು. ಒಂದು ಹಾಕಿದ್ರೆ ಮಂದೆಗೇ ಹತ್ತುತ್ತೆ ಅಂತ ನಿಮ್ಮ ತಾತ ಆ ಕುರಿನ ಬೇರೆ ಕಟ್ತಿದ್ರು.”

ಮರಿ ಹಾಕಿತು ಎಂದರೆ ಹುಟ್ಟು, ಕಂದ ಹಾಕಿತು ಎಂದರೆ ಸಾವು. ಕ್ರಿಯಾಪದ ಒಂದೇ. ಕಂದು ಎಂದರೂ ಕರು, ಮರಿ ಎಂದೇ ಹಳೆಯ ಅರ್ಥ. ತಮಿಳಿನ ಕನ್ರು, ನಾವು ಕೂಸನ್ನು ಕರೆಯುವ ಕಂದ ಎಲ್ಲ ಒಂದೇ ಬಳ್ಳಿಯ ಮಾತುಗಳು. ಹೊರಗಿನವನಿಗೆ ಈ ಎರಡು ಮಾತುಗಳ ನಡುವೆ ವ್ಯತ್ಯಾಸ ಕಾಣುವುದೇ ಇಲ್ಲ. ಕುರಿ ಕಾಯುವವನು ಮಾತ್ರ ಎಂದೂ ಒಂದಕ್ಕೆ ಇನ್ನೊಂದನ್ನು ಬಳಸಲಾರ.

ಕಥೆ ಅಲ್ಲಿಗೇ ಮುಗಿಯಲಿಲ್ಲ. ಆ ಹೊತ್ತಿಗೆ ಹುಡುಗನಿಗೆ ಜ್ವರ. ಸಂಜೆಯಾದರೆ ಏರುವುದು, ರಾತ್ರಿ ಬೆವರಿ ಇಳಿಯುವುದು, ಸೊಂಟ ಹಿಡಿದುಕೊಳ್ಳುವುದು. ಬಿದ್ದ ಮರಿಗಳನ್ನೂ ಮಾಸನ್ನೂ ಅವನು ಬರಿಗೈಯಲ್ಲಿ ಎತ್ತಿ ಹೂತಿದ್ದ. ಆಸ್ಪತ್ರೆಯಲ್ಲಿ ರಕ್ತ ನೋಡಿ ‘ಹುಮ್ಮಾ ಮಾಲ್ಟಿಯಾ’ ಎಂದರು. ಮಾಲ್ಟಾ ಜ್ವರ, ವೈದ್ಯರ ಮಾತಿನಲ್ಲಿ ಬ್ರುಸೆಲ್ಲೋಸಿಸ್. ಮಾಲ್ಟಾ ದ್ವೀಪದಲ್ಲಿ ಸಾಯುತ್ತಿದ್ದ ಸೈನಿಕರ ದೇಹದಲ್ಲಿ ಇದರ ರೋಗಾಣುವನ್ನು ಡೇವಿಡ್ ಬ್ರೂಸ್ ಕಂಡದ್ದು 1887ರಲ್ಲಿ. ಅದು ಆಡಿನ ಹಾಲಿನಿಂದ ಬರುತ್ತದೆ ಎಂದು ಅದೇ ದ್ವೀಪದ ಝಮ್ಮಿತ್ ಎಂಬ ವೈದ್ಯ ತೋರಿಸಿದ್ದು 1905ರಲ್ಲಿ. ಸೌದಿಯಲ್ಲಿ ಕಾಯಿಸದ ಹಾಲು ಕುಡಿಯುವವರಿಗೂ ಕುರಿ, ಆಡು, ಒಂಟೆ ಸಾಕುವವರಿಗೂ ಇದು ಹಳೆಯ ಪರಿಚಯದ ಕಾಯಿಲೆ. ಮಂದೆಯಲ್ಲಿ ಅದು ಕಾಣಿಸಿಕೊಳ್ಳುವ ಬಗೆಯೇ ಇದು: ಗಬ್ಬದ ಕುರಿಗಳು ಒಂದರ ಹಿಂದೊಂದು ಮರಿ ಕಳೆದುಕೊಳ್ಳುತ್ತವೆ.

ನಮ್ಮ ಪಶುವೈದ್ಯರು ಕನ್ನಡದಲ್ಲಿ ಇದನ್ನು ‘ಕಂದು ರೋಗ’, ‘ಕಂದು ಹಾಕುವ ರೋಗ’ ಎಂದೇ ಬರೆಯುತ್ತಾರೆ ಎಂಬುದು ಆಮೇಲೆ ತಿಳಿಯಿತು. ಎರಡು ಭಾಷೆಗಳು ಒಂದೇ ರೋಗಕ್ಕೆ ಎರಡು ಕಡೆಯಿಂದ ಹೆಸರಿಟ್ಟಿವೆ. ನಮ್ಮ ಮಾತು ಕುರಿಯ ಕಡೆಯಿಂದ ನೋಡುತ್ತದೆ, ಅವರ ಮಾತು ಜ್ವರ ಬಂದ ಮನುಷ್ಯನ ಕಡೆಯಿಂದ. ಹುಡುಗನಿಗೆ ಮೊದಲನೆಯದು ಗೊತ್ತಿತ್ತು. ಮಾಲೀಕನಿಗೆ ಎರಡನೆಯದು ಗೊತ್ತಿತ್ತು. ಅವನ ಅಜ್ಜನಿಗೇ ಅದು ಬಂದಿತ್ತಂತೆ. ಎರಡೂ ಒಂದೆಡೆ ಸೇರಿದ್ದರೆ ಅದೇ ದಿನ ಪಶುವೈದ್ಯರು ಬರುತ್ತಿದ್ದರು. ಸೇರಿಸಬೇಕಾದ ಜಾಗದಲ್ಲಿ ನಾನಿದ್ದೆ.

ಅಂದಿನಿಂದ ನನ್ನನ್ನು ಕಾಡುವ ಪ್ರಶ್ನೆ ಇದು. ಸಾಕುಪ್ರಾಣಿಗಳ ಸರಿಯಾದ ಹೆಸರುಗಳನ್ನು ತಿಳಿದಿರುವುದು ಬರಿ ಜಾಣತನವೋ, ಅಥವಾ ಅದರಲ್ಲಿ ನೀತಿಯ ಮಾತೂ ಇದೆಯೋ?

ಮೊದಲ ಉತ್ತರ ಸುಲಭ. ಹೆಸರುಗಳನ್ನು ಕಳೆದುಕೊಂಡವರು ಪ್ರಾಣಿಗಳನ್ನೂ ಕಳೆದುಕೊಳ್ಳುತ್ತಾರೆ ಎಂದು ಕೊರಗಬಹುದು. ನಮ್ಮ ಹಿರಿಯರ ಬಾಯಲ್ಲಿ ದನ ಎಂಬುದೊಂದೇ ಮಾತಿರಲಿಲ್ಲ. ಕರು, ಕಡಸು, ಮಣಕ, ಹಸು, ಹೋರಿ, ಎತ್ತು, ಗೂಳಿ, ಎಮ್ಮೆ, ಕೋಣ, ಕುರಿಗೆ ಟಗರು, ಆಡಿಗೆ ಹೋತ, ಹೇಂಟೆಗೆ ಹುಂಜ. ಎರಡು ಹಲ್ಲಿನದು, ನಾಲ್ಕು ಹಲ್ಲಿನದು, ಬಾಯಿಗೂಡಿದ್ದು. ಇನ್ನೂ ಹಿಂದಕ್ಕೆ ಹೋದರೆ ವೀರಗಲ್ಲುಗಳಲ್ಲಿ ‘ತುರು’ ಸಿಗುತ್ತದೆ: ತುರುಗಳನ್ನು ಬಿಡಿಸಿಕೊಳ್ಳಲು ಹೋರಾಡಿ ಸತ್ತವರ ಕಲ್ಲುಗಳು ಕನ್ನಡನಾಡಿನ ತುಂಬ ನಿಂತಿವೆ. ಇತ್ತ ಅರಬಿಯಲ್ಲಿ, ಎಂಟು-ಒಂಬತ್ತನೆಯ ಶತಮಾನದ ಬಸ್ರಾದ ಪಂಡಿತ ಅಲ್ ಅಸ್ಮಈ ಒಂಟೆಗಳ ಮಾತಿಗೆ ಒಂದು ಗ್ರಂಥ, ಕುರಿಗಳ ಮಾತಿಗೆ ಇನ್ನೊಂದು ಗ್ರಂಥ ಬರೆದ. ಒಂಟೆಯ ಹಸುಳೆ ‘ಹುವಾರ್’, ಹರೆಯದ ಗಂಡು ‘ಕಊದ್’, ಹೆಣ್ಣು ‘ನಾಕಾ’, ಹತ್ತು ತಿಂಗಳ ಗಬ್ಬದ್ದು ‘ಉಶರಾ’. ನಮ್ಮಲ್ಲಿ ಇವೆಲ್ಲಕ್ಕೂ ‘ಒಂಟೆ’ ಒಂದೇ. ನಮಗೆ ಅದು ಸರ್ಕಸ್ಸಿನಲ್ಲೋ ದಸರೆಯಲ್ಲೋ ಕಂಡ ಪ್ರಾಣಿ. ಒಂದು ಹೆಸರು ಸಾಕಾಗಿತ್ತು.

ಆದರೆ ಈ ಕೊರಗಿನಲ್ಲಿ ಒಂದು ಮರೆವೂ ಇದೆ. ಈ ಹೆಸರುಗಳು ಪ್ರೀತಿಯಿಂದ ಹುಟ್ಟಿದವು ಎಂದುಕೊಂಡರೆ ತಪ್ಪು. ಬಹುಪಾಲು ಹುಟ್ಟಿದ್ದು ಲೆಕ್ಕಾಚಾರದಿಂದ. ಹೋರಿಗೂ ಎತ್ತಿಗೂ ಇರುವ ವ್ಯತ್ಯಾಸವೆಂದರೆ ನಾವು ಅದರ ಬೀಜ ಒಡೆಸಿದ್ದು. ‘ಎತ್ತು’ ಎಂದಾಗ ಅದು ನಮ್ಮ ನೆನಪಿಗೂ ಬರುವುದಿಲ್ಲ. ಕರು ಹಾಕದ ಹಸುವನ್ನು ‘ಗೊಡ್ಡು’ ಎನ್ನುತ್ತೇವೆ. ನಮಗೆ ಹಾಲು ಕೊಡದಿರುವುದೇ ಅದರ ದೋಷ. ಸಂತೆಯ ದಲ್ಲಾಳಿಗೂ ಕಟುಕನಿಗೂ ನನಗಿಂತ ಹತ್ತು ಪಟ್ಟು ಪದ ಗೊತ್ತು. ಒಂಟೆಯ ಮೈಬಣ್ಣಕ್ಕೇ ಇಲ್ಲಿ ಬೇರೆಬೇರೆ ಹೆಸರುಗಳಿವೆ, ಕಪ್ಪಿನವು ‘ಮಜಾಹೀಂ’, ಬಿಳಿಯವು ‘ವುದ್‌ಹ್’ ಎಂದು. ಅಷ್ಟು ಬಲ್ಲವರ ನಡುವೆಯೇ, ರಿಯಾದಿನ ಬಳಿ ನಡೆಯುವ ಕಿಂಗ್ ಅಬ್ದುಲ್ ಅಝೀಝ್ ಒಂಟೆ ಉತ್ಸವದಲ್ಲಿ, 2018ರಲ್ಲಿ 12 ಒಂಟೆಗಳನ್ನು ಸ್ಪರ್ಧೆಯಿಂದ ಹೊರಗಿಟ್ಟರು. ತುಟಿ ಜೋತು ಚೆಂದ ಕಾಣಲಿ ಎಂದು ಅವುಗಳಿಗೆ ಬೊಟಾಕ್ಸ್ ಚುಚ್ಚಲಾಗಿತ್ತು. ಹೆಸರು ಬಲ್ಲವನು ಕರುಣೆಯುಳ್ಳವನು ಎಂದು ಯಾರೂ ಖಾತರಿ ಕೊಡಲಾರರು.

ಹಾಗಾದರೆ ಹೆಸರಿನ ಸರಿತನ ಯಾವ ಕೆಲಸಕ್ಕೆ ಬರುತ್ತದೆ? ಕಾನೂನನ್ನು ನೋಡಿದರೆ ಸ್ವಲ್ಪ ತಿಳಿಯುತ್ತದೆ. ಕರ್ನಾಟಕದ 2020ರ ಜಾನುವಾರು ಹತ್ಯೆ ನಿಷೇಧದ ಕಾಯ್ದೆ, ಜಾನುವಾರು ಎಂದರೆ ಹಸು, ಕರು, ಗೂಳಿ, ಎತ್ತು, ಜೊತೆಗೆ 13 ವರ್ಷದೊಳಗಿನ ಎಮ್ಮೆ, ಕೋಣ ಎಂದು ಬಿಡಿಸಿ ಹೇಳುತ್ತದೆ. ಅದನ್ನು ಒಪ್ಪುವವರೂ ಇದ್ದಾರೆ, ವಿರೋಧಿಸುವವರೂ ಇದ್ದಾರೆ. ಆದರೆ ಆ ಪಟ್ಟಿಯ ಒಂದು ಪದದ ಒಳಗೋ ಹೊರಗೋ ಎಂಬುದರ ಮೇಲೆ ಒಬ್ಬ ರೈತ ತನ್ನ ಮುದಿ ಕೋಣವನ್ನು ಮಾರಬಹುದೇ ಇಲ್ಲವೇ ಎಂಬುದು ನಿಂತಿದೆ. ಸೌದಿಯಲ್ಲಿ 2021ರ ಮಾರ್ಚಿನಲ್ಲಿ ಕಾರ್ಮಿಕ ಸುಧಾರಣೆ ಜಾರಿಗೆ ಬಂತು. ಮಾಲೀಕನ ಒಪ್ಪಿಗೆಯಿಲ್ಲದೆ ಕೆಲಸ ಬದಲಿಸಲು ಎಷ್ಟೋ ಮಂದಿ ವಲಸಿಗರಿಗೆ ಕೆಲವು ಷರತ್ತುಗಳ ಮೇಲೆ ದಾರಿಯಾಯಿತು. ಅದರಿಂದ ಹೊರಗುಳಿದವರು ಮನೆಕೆಲಸದವರು, ಮನೆಗಳ ಡ್ರೈವರುಗಳು, ತೋಟ ನೋಡುವವರು, ಕುರಿಗಾಹಿಗಳು. ಇಕಾಮಾದಲ್ಲಿ ‘ಕುರಿಗಾಹಿ’ ಎಂದಿದೆಯೋ ‘ಕಾರ್ಮಿಕ’ ಎಂದಿದೆಯೋ ಎಂಬ ಒಂದು ಪದ ಮನುಷ್ಯನ ಪಾಲಿಗೂ ಇಷ್ಟು ಭಾರ. ಮಲಯಾಳಂನಲ್ಲಿ ಬೆನ್ಯಾಮಿನ್ 2008ರಲ್ಲಿ ‘ಆಡುಜೀವಿತಂ’ ಬರೆದಾಗ, 2024ರಲ್ಲಿ ಅದು ಸಿನಿಮಾ ಆದಾಗ, ಗಲ್ಫಿನಲ್ಲಿರುವ ನಾವೆಲ್ಲ ಮಾತಾಡಿಕೊಂಡದ್ದು ಮಾಲೀಕರ ಕ್ರೌರ್ಯದ ಬಗ್ಗೆ. ನಾನು ಸುಮ್ಮನಿದ್ದೆ. ನನ್ನ ಹುಡುಗನ ಮಾಲೀಕ ಕ್ರೂರಿಯೇನಲ್ಲ. ಅವನಿಗೆ ತಪ್ಪು ಪದ ಕೊಟ್ಟವನು ನಾನು.

ಒಂದು ಶುಕ್ರವಾರ ಕಾರು ತೆಗೆದುಕೊಂಡು ಅಲ್ಲಿಗೆ ಹೋದೆ. ಮಾಲೀಕನೆದುರು ಕುಳಿತು ನಡೆದದ್ದನ್ನು ಹೇಳಿದೆ: ಹುಡುಗ ಸರಿಯಾಗಿಯೇ ಹೇಳಿದ್ದ, ‘ವಲದತ್’ ನನ್ನ ಮಾತು, ಅದು ‘ಇಜ್‌ಹಾದ್’ ಆಗಬೇಕಿತ್ತು. ಆತ ಬಹಳ ಹೊತ್ತು ಖಾವಾ ಕುಡಿಯುತ್ತ ಕೂತ. ಆಮೇಲೆ ಕೇಳಿದ: “ನಿನಗೆ ಆ ಪದ ಗೊತ್ತಿರಲಿಲ್ಲವೇ?” ಇಲ್ಲ ಎಂದೆ. “ಮತ್ತೆ ಯಾಕೆ ಕೇಳಲಿಲ್ಲ?” ಅದಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ. ಕಡಿತ ಮಾಡಿದ ಹಣವನ್ನು ಎರಡು ತಿಂಗಳಲ್ಲಿ ವಾಪಸು ಕೊಟ್ಟ. ಪಶುವೈದ್ಯರು ಬಂದು ಮಂದೆಯ ರಕ್ತ ತೆಗೆದರು, ಕೆಲವು ಕುರಿಗಳನ್ನು ಬೇರ್ಪಡಿಸಿದರು. ಹುಡುಗ ಆರು ವಾರ ಮಾತ್ರೆ ನುಂಗಿದ. ಆದರೆ ಕಳ್ಳ ಎಂಬ ಮಾತನ್ನು ಒಂದು ತಿಂಗಳು ಹೊತ್ತುಕೊಂಡು ಜ್ವರದಲ್ಲಿ ಮಲಗಿದ್ದವನು ಅವನು. ಅದನ್ನು ವಾಪಸು ಕೊಡಲು ಯಾವ ಲೆಕ್ಕದಲ್ಲೂ ಜಾಗವಿಲ್ಲ.

ಮಾಲೀಕನ ಆ ಎರಡನೆಯ ಪ್ರಶ್ನೆಯಲ್ಲೇ ನನ್ನ ಪ್ರಶ್ನೆಗೂ ಉತ್ತರವಿದೆ ಎಂದು ಈಗ ಅನ್ನಿಸುತ್ತದೆ. ಪದ ಗೊತ್ತಿಲ್ಲದಿರುವುದು ತಪ್ಪಲ್ಲ. ತುಮಕೂರಿನಲ್ಲಿ ಬೆಳೆದ ನನಗೆ, ದುಬೈಯಲ್ಲೋ ಡಾಲಸ್ಸಿನಲ್ಲೋ ಬೆಳೆಯುತ್ತಿರುವ ನಿಮ್ಮ ಮಗಳಿಗೆ, ಮಣಕ ಯಾವುದು ಕಡಸು ಯಾವುದು ಎಂದು ತಿಳಿಯದಿದ್ದರೆ ಪ್ರಪಂಚ ಮುಳುಗುವುದಿಲ್ಲ. ಗೊತ್ತಿಲ್ಲದ್ದನ್ನು ಗೊತ್ತಿರುವ ಹತ್ತಿರದ ಪದದಿಂದ ಮುಚ್ಚಿಬಿಡುವುದು ತಪ್ಪು. ಅದರಲ್ಲೂ ಆ ಪದದ ಫಲ ಉಣ್ಣುವವನು ಬೇರೆಯವನಾಗಿದ್ದಾಗ.

ನಾನು ಮುಚ್ಚಿದ್ದು ಯಾಕೆ ಎಂದು ನನ್ನನ್ನೇ ಕೇಳಿಕೊಂಡಿದ್ದೇನೆ. ಅವನು ‘ಗರ್ಭಪಾತ’ ಎಂದಿದ್ದರೆ ನನಗೆ ತಕ್ಷಣ ಅರ್ಥವಾಗುತ್ತಿತ್ತು. ಅದು ಪುಸ್ತಕದ ಕನ್ನಡ, ನಾನು ಓದಿದ ಕನ್ನಡ. ಅವನ ಬಾಯಲ್ಲಿ ಬಂದದ್ದು ಹಟ್ಟಿಯ ಕನ್ನಡ. ನನ್ನ ಮನಸ್ಸಿನ ಯಾವುದೋ ಮೂಲೆಯಲ್ಲಿ, ಸರಿಯಾದ ಪದ ನನ್ನ ಕಡೆ ಇರುತ್ತದೆ, ಅವನದು ಹಳ್ಳಿಯ ಮಾತು, ಅಂದಾಜಿನಲ್ಲಿ ಹಿಡಿದರೆ ಸಾಕು ಎಂಬ ಎಣಿಕೆಯಿತ್ತು. ನಿಜ ಅದರ ತಿರುಗುಮುರುಗು. ಆ ಮಾತುಕತೆಯಲ್ಲಿದ್ದ ಮೂವರಲ್ಲಿ ಪದವನ್ನು ಕೂದಲೆಳೆಯಷ್ಟೂ ತಪ್ಪದೆ ಬಳಸಿದವನು ಅವನೊಬ್ಬನೇ. ಸರಿಯಾದ ಪದ ಅವನ ಬಳಿ ಇತ್ತು, ಅದನ್ನು ದಾಟಿಸುವ ಅಧಿಕಾರ ನನ್ನ ಬಳಿ ಇತ್ತು. ಈ ಎರಡೂ ಒಂದೇ ಕೈಯಲ್ಲಿರುವುದು ಅಪರೂಪ ಎಂದು ಕಾಣುತ್ತದೆ. ಆಸ್ಪತ್ರೆಯಲ್ಲಿ, ಕೋರ್ಟಿನಲ್ಲಿ, ಬ್ಯಾಂಕಿನಲ್ಲಿ, ಪರದೇಶದಲ್ಲಿ, ನೋವಿನ ಪಕ್ಕದಲ್ಲಿ ನಿಂತವನ ಬಳಿ ಒಂದು ಮಾತಿರುತ್ತದೆ, ಅದನ್ನು ಬರೆದುಕೊಳ್ಳುವವನ ಬಳಿ ಇನ್ನೊಂದಿರುತ್ತದೆ. ಪರಭಾಷೆ ಬಲ್ಲ ನಮ್ಮಂಥ ಹಳೆಯ ಅನಿವಾಸಿಗಳು ಅವರಿಬ್ಬರ ನಡುವೆ ಆಗಾಗ ಕುಳಿತಿರುತ್ತೇವೆ.

ಆದಮನ ಕಥೆ ಇಲ್ಲಿ ನೆನಪಾಗುತ್ತದೆ. ಬೈಬಲಿನಲ್ಲಿ ದೇವರು ಪ್ರಾಣಿಗಳನ್ನು ಆದಮನ ಮುಂದೆ ತರುತ್ತಾನೆ, ಹೆಸರಿಡುವವನು ಆದಮ. ಕುರಾನಿನಲ್ಲಿ ಹೆಸರುಗಳನ್ನು ದೇವರೇ ಆದಮನಿಗೆ ಕಲಿಸುತ್ತಾನೆ. ಮೊದಲನೆಯದರಲ್ಲಿ ಹೆಸರಿಡುವುದು ಒಂದು ಅಧಿಕಾರ, ಎರಡನೆಯದರಲ್ಲಿ ಅದು ಕಲಿತದ್ದು. ನಾನು ಧರ್ಮಪಂಡಿತನಲ್ಲ, ಎರಡೂ ಅವರವರಿಗೆ ಪವಿತ್ರ. ಆದರೆ ಬಯಲಿನ ಆ ಹುಡುಗನ ವಿಷಯದಲ್ಲಿ ನಾನು ಹೆಸರಿಡುವವನಂತೆ ನಡೆದುಕೊಂಡೆ, ಕಲಿಯುವವನಂತೆ ನಡೆದುಕೊಳ್ಳಬೇಕಿತ್ತು.

ಜ್ವರ ಬಿಟ್ಟ ಮೇಲೂ ಅವನು ಒಂದು ವರ್ಷ ಅಲ್ಲೇ ಇದ್ದ. ಫೋನ್ ಮಾಡುವುದನ್ನು ನಿಲ್ಲಿಸಲಿಲ್ಲ. ಅವನಿಗೆ ಬೇರೆ ಗತಿಯಿರಲಿಲ್ಲ ಎಂಬುದೂ ನಿಜ. ನಾನು ಮಾತ್ರ ಒಂದೊಂದು ಮಾತಿಗೂ ‘ಹಾಗಂದ್ರೆ?’ ಎನ್ನತೊಡಗಿದೆ. ಅವನು ಮೊದಮೊದಲು ಸಂಕೋಚಪಟ್ಟ, ಆಮೇಲೆ ನಗತೊಡಗಿದ, ಕಡೆಗೆ ತಾನೇ ಎರಡೆರಡು ಸಲ ಬಿಡಿಸಿ ಹೇಳತೊಡಗಿದ. ಹೊರಡುವ ಮುನ್ನ ದಮ್ಮಾಮ್ ವಿಮಾನ ನಿಲ್ದಾಣದಲ್ಲಿ ಭೇಟಿಯಾದಾಗ ಕ್ಷಮೆ ಕೇಳಿದೆ. “ಇರಲಿ ಬಿಡ್ರಿ ಅಣ್ಣಾರ, ನಿಮಗರ ಹೆಂಗ ಗೊತ್ತಾಗಬೇಕ್ರಿ” ಎಂದ. ಅದು ಅವನ ದೊಡ್ಡತನ. ಆದರೆ ಆ ಮಾತಿನಿಂದ ನನಗೆ ಬಿಡುಗಡೆ ಸಿಗಲಿಲ್ಲ. ಹೇಗೆ ಗೊತ್ತಾಗಬೇಕಿತ್ತು ಎಂಬುದು ನನಗೆ ಗೊತ್ತಿದೆ: ಕೇಳಬೇಕಿತ್ತು.

ಈಗಲೂ ಹಬ್ಬದ ಮುಂಚೆ ಸಂತೆಗೆ ಹೋಗುತ್ತೇನೆ. ಯಾರಾದರೂ ಹೊಸಬರು ಬಕ್ರಾ, ಬಕರಾ ಎಂದು ತಡವರಿಸಿದಾಗ ಗೆಳೆಯರು ನಗುತ್ತಾರೆ, ನಾನೂ ನಗುತ್ತೇನೆ. ಆಮೇಲೆ ವ್ಯಾಪಾರಿಯ ಕಡೆ ತಿರುಗಿ, ಗೊತ್ತಿದ್ದರೂ ಇನ್ನೊಂದು ಸಲ ಕೇಳುತ್ತೇನೆ: ಇದು ಯಾವುದು, ಇದನ್ನು ನೀವು ಏನೆಂದು ಕರೆಯುತ್ತೀರಿ?